ಫರ್ನೇಸ್ ಕೈಕೊಟ್ಟಾಗ: ಹೀಟ್ ಪಂಪೋ, ಗ್ಯಾಸೋ?

2025ರ ಜನವರಿ, ಶನಿವಾರ ಸಂಜೆ. ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ 22 ವರ್ಷ ಗೊಣಗಿಕೊಂಡೇ ದುಡಿದು ಇಡೀ ಮನೆ ಬೆಚ್ಚಗಿಟ್ಟಿದ್ದ ಗ್ಯಾಸ್ ಫರ್ನೇಸ್ ಸುಮ್ಮನಾಯಿತು. ಬಂದ ಟೆಕ್ನಿಷಿಯನ್ ಟಾರ್ಚ್ ಬಿಟ್ಟು ನೋಡಿದ. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಎಂದು ಹೇಳಿ 'ಬಳಸಬೇಡಿ' ಎಂಬ ಕೆಂಪು ಚೀಟಿ ಅಂಟಿಸಿದ. ಒಂದು ಗಂಟೆಯೊಳಗೆ ಅದೇ ಕಂಪನಿಯ ಸೇಲ್ಸ್‌ನವನು ಟ್ಯಾಬ್ಲೆಟ್ ಹಿಡಿದು ನಮ್ಮ ಊಟದ ಮೇಜಿಗೆ ಬಂದು ಕೂತಿದ್ದ. ಇವತ್ತೇ ಸಹಿ ಹಾಕಿದರೆ ಡಿಸ್ಕೌಂಟ್, ನಾಳೆಯಾದರೆ ಇಲ್ಲ.

ಹೊರಗೆ ಹಿಮ. ಒಳಗೆ ಊರಿಂದ ಬಂದಿದ್ದ ಅಮ್ಮ ಶಾಲಿನ ಮೇಲೆ ಶಾಲು ಹೊದ್ದು ಕೂತಿದ್ದರು. ಇಂಥ ಹೊತ್ತಲ್ಲಿ ಯಾರಾದರೂ ಸಹಿ ಹಾಕಿಬಿಡುತ್ತಾರೆ. ನಾವು ಹಾಕಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ 1,500 ವ್ಯಾಟಿನ ನಾಲ್ಕು ಕರೆಂಟ್ ಹೀಟರ್ ತಂದೆವು. ಒಂದೇ ಲೈನಿನ ಮೇಲೆ ಭಾರ ಬೀಳದ ಹಾಗೆ ಬೇರೆ ಬೇರೆ ಕೋಣೆಯಲ್ಲಿ ಇಟ್ಟೆವು. ನೀರಿನ ಪೈಪು ಹೆಪ್ಪುಗಟ್ಟದಿದ್ದರೆ ಸಾಕು, ಉಳಿದದ್ದಕ್ಕೆ ಸ್ವೆಟರ್ ಇದೆ ಎಂದುಕೊಂಡು ಹತ್ತು ದಿನ ತಳ್ಳಿದೆವು. ಆ ಹತ್ತು ದಿನದಲ್ಲಿ ಕಲಿತದ್ದು ಈ ಬರಹ.

ಮೊದಲು ಆ ಬಿರುಕಿನ ವಿಷಯ. ಅದು ಸುಳ್ಳು ಹೆದರಿಕೆಯಲ್ಲ. ನಮ್ಮೂರ ಬಚ್ಚಲ ಹಂಡೆ ನೆನಪಿಸಿಕೊಳ್ಳಿ. ತಳದ ಕೆಳಗೆ ಬೆಂಕಿ, ಮೇಲೆ ನೀರು, ನಡುವೆ ತಾಮ್ರದ ಗೋಡೆ. ಫರ್ನೇಸಿನಲ್ಲೂ ಹೀಗೇ. ಒಂದು ಕಡೆ ಗ್ಯಾಸಿನ ಉರಿ, ಇನ್ನೊಂದು ಕಡೆ ಮನೆಯೊಳಗೆ ಸುತ್ತುವ ಗಾಳಿ, ನಡುವೆ ತಗಡಿನ ಗೋಡೆ. ಹಂಡೆಯ ತಳ ಸೀಳಿದರೆ ಒಲೆ ಆರುತ್ತದೆ. ಇಲ್ಲಿ ಸೀಳಿದರೆ ಹೊಗೆ ಮನೆಗಾಳಿಗೆ ಸೇರಬಹುದು, ಅದರಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಹಾಗಾಗಿ ಬಿರುಕು ನಿಜವಾಗಿದ್ದರೆ ಆರಿಸಲೇಬೇಕು. ಆದರೆ ಬಿರುಕಿನ ಫೋಟೋ ತೋರಿಸಿ ಅಂತ ಕೇಳಿ. ಇನ್ನೊಬ್ಬರನ್ನು ಕರೆಸಿ ಒಮ್ಮೆ ನೋಡಿಸಿ. ನಮ್ಮದು ನಿಜವಾಗಿಯೂ ಸೀಳಿತ್ತು.

ಮೂರು ಕಂಪನಿಯವರನ್ನು ಕರೆಸಿದೆವು. ಒಬ್ಬ, ಇದ್ದಷ್ಟೇ ದೊಡ್ಡ ಗ್ಯಾಸ್ ಫರ್ನೇಸ್ ಹಾಕೋಣ ಎಂದ. ಇನ್ನೊಬ್ಬ, ಗ್ಯಾಸ್ ಕಿತ್ತುಹಾಕಿ, 4 ಟನ್ನಿನ ಹೀಟ್ ಪಂಪ್ ಹಾಕಿಸಿ ಎಂದ. ಮೂರನೆಯವನು ಎರಡನ್ನೂ ಸೇರಿಸಿ ಹೇಳಿದ. ಬೆಲೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರ ಇದ್ದವು. ಬ್ರ್ಯಾಂಡ್ ಬಗ್ಗೆ ಮೂವರೂ ತುಂಬ ಮಾತಾಡಿದರು. ಆದರೆ ಒಬ್ಬನೂ ಕಿಟಕಿ ಅಳೆಯಲಿಲ್ಲ, ಅಟ್ಟ ಹತ್ತಿ ಇನ್ಸುಲೇಶನ್ ನೋಡಲಿಲ್ಲ, ಗ್ಯಾಸ್ ಬಿಲ್ ಕೇಳಲಿಲ್ಲ. ಈ ಮನೆಗೆ ಎಷ್ಟು ಶಾಖ ಬೇಕು ಅಂತ ಗೊತ್ತಿಲ್ಲದೆ ಯಂತ್ರದ ಅಳತೆ ಹೇಳಿದ್ದು ನನಗೆ ವಿಚಿತ್ರ ಅನಿಸಿತು. ಅಳತೆ ತೆಗೆಯದೆ ಬ್ಲೌಸ್ ಹೊಲಿಯುವ ಟೈಲರ್ ಹತ್ತಿರ ಯಾರಾದರೂ ಹೋಗುತ್ತಾರಾ?

ಹಮಾಲಿಯ ಲೆಕ್ಕ

ಹೀಟ್ ಪಂಪ್ ಅಂದರೆ ಏನೆಂದು ಮೊದಲು ನೋಡಿಬಿಡೋಣ. ಎಲ್ಲ ಗೊಂದಲ ಇಲ್ಲಿಂದಲೇ ಶುರು.

ನಿಮ್ಮ ಮನೆಯ ಎಸಿ ಏನು ಮಾಡುತ್ತದೆ? ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಹೊರಗಿನ ಪೆಟ್ಟಿಗೆಯ ಹತ್ತಿರ ನಿಂತರೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತದಲ್ಲ, ಅದು ನಿಮ್ಮ ಕೋಣೆಯಲ್ಲಿದ್ದ ಶಾಖವೇ. ಅದೇ ಯಂತ್ರಕ್ಕೆ ಒಂದು ತಿರುವು ವಾಲ್ವ್ ಹಾಕಿದರೆ ಕೆಲಸ ಉಲ್ಟಾ ಆಗುತ್ತದೆ. ಹೊರಗಿನ ಶಾಖವನ್ನು ಎತ್ತಿ ಒಳಗೆ ಹಾಕುತ್ತದೆ. ಅಷ್ಟೇ ಹೀಟ್ ಪಂಪ್. ಉತ್ತರ ಭಾರತದಲ್ಲಿ 'ಹಾಟ್ ಅಂಡ್ ಕೋಲ್ಡ್ ಎಸಿ' ಅಂತ ಮಾರುವುದೂ ಇದನ್ನೇ. ಹೊಸ ಸಂಗತಿಯೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಟೌನ್ ಹಾಲನ್ನು 1938ರಲ್ಲೇ ಹೀಟ್ ಪಂಪಿನಿಂದ ಬೆಚ್ಚಗಿಟ್ಟಿದ್ದರು. ಶಾಖ ತೆಗೆದುಕೊಂಡದ್ದು ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ.

ಹೊರಗೆ ಕೊರೆಯುವ ಚಳಿ ಇರುವಾಗ ಅಲ್ಲೆಲ್ಲಿ ಶಾಖ? ಅಮ್ಮನೂ ಇದನ್ನೇ ಕೇಳಿದರು. ಅವರಿಗೆ ಕುಕ್ಕರಿನಿಂದ ಶುರು ಮಾಡಿ ಹೇಳಿದೆ. ಕುಕ್ಕರಿನಲ್ಲಿ ಒತ್ತಡ ಜಾಸ್ತಿಯಾದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಇನ್ನೂ ಬಿಸಿ ಬೇಕು. ಒತ್ತಡ ಕಡಿಮೆಯಾದರೆ ಬೇಗ ಕುದಿಯುತ್ತದೆ. ಈಗ ನೀರಿನ ಬದಲು ಆರ್-32 ಎಂಬ ದ್ರವ ತೆಗೆದುಕೊಳ್ಳಿ. ಅದು ಮಾಮೂಲಿ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಅಂಥ ದ್ರವಕ್ಕೆ ಮೈನಸ್ 10 ಡಿಗ್ರಿಯ ಗಾಳಿಯೂ ಉರಿಯುವ ಒಲೆ ಇದ್ದ ಹಾಗೆ. ಹೊರಗಿನ ಪೆಟ್ಟಿಗೆಯಲ್ಲಿ ಅದು ಆ ಗಾಳಿಯ ಶಾಖ ಹೀರಿ ಕುದಿದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮುತ್ತದೆ. ಅದುಮಿದ ಆವಿ ಕಾಯುತ್ತದೆ. ಮನೆಯೊಳಗಿನ ಕಾಯಿಲಿಗೆ ಬಂದು ತನ್ನ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆಮೇಲೆ ಸಣ್ಣ ಕಿಂಡಿಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮತ್ತೆ ಹೊರಗೆ ಹೋಗುತ್ತದೆ.

ಇದರಲ್ಲಿ ಕರೆಂಟಿಗೆ ಶಾಖ ಹುಟ್ಟಿಸುವ ಕೆಲಸವಿಲ್ಲ, ಹೊರುವ ಕೆಲಸ. ಮಂಡಿಯ ಹಮಾಲಿ ಒಂದು ತಟ್ಟೆ ಊಟ ಮಾಡಿ ಮೂರು ಮೂಟೆ ಹೊತ್ತು ಹಾಕುತ್ತಾನಲ್ಲ, ಹಾಗೆ. ಸಾದಾ ಕರೆಂಟ್ ಹೀಟರ್ ಒಂದು ಯೂನಿಟ್ ತಿಂದು ಒಂದು ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಒಂದು ಯೂನಿಟ್ ತಿಂದು ಮೂರು ಕೊಡಬಹುದು. ಈ 'ಎಷ್ಟು ಪಟ್ಟು' ಎಂಬುದಕ್ಕೆ ಸಿಒಪಿ ಎಂದು ಹೆಸರು.

ಆದರೆ ಗುಡ್ಡ ಕಡಿದಾದಷ್ಟೂ ಹಮಾಲಿಗೆ ಸುಸ್ತು. ಹೊರಗೆ 47 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8 ಸೆಲ್ಸಿಯಸ್ ಇದ್ದಾಗ ಒಳ್ಳೆಯ ಯಂತ್ರದ ಸಿಒಪಿ ಮೂರೂವರೆಯಿಂದ ನಾಲ್ಕು. 17 ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ 8 ಸೆಲ್ಸಿಯಸ್‌ಗೆ ಇಳಿದಾಗ ಎರಡು, ಎರಡೂವರೆ. ಪಟ್ಟು ಇಳಿಯುವುದರ ಜೊತೆಗೆ ಹೊರುವ ಒಟ್ಟು ಶಾಖವೂ ಇಳಿಯುತ್ತದೆ. ಮನೆಗೆ ಜಾಸ್ತಿ ಬೇಕಾದ ಹೊತ್ತಲ್ಲೇ ಯಂತ್ರದ ಕಸುವು ಕಡಿಮೆ. ಹಳೆಯ ಹೀಟ್ ಪಂಪುಗಳಿಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೇ. ಈಗಿನ ಚಳಿನಾಡಿನ ಮಾಡೆಲ್‌ಗಳು ಬೇರೆ ತರಹ. ಅವುಗಳ ಕಂಪ್ರೆಸರ್ ವೇಗ ಬೇಕಾದಂತೆ ಏರುತ್ತದೆ, ಇಳಿಯುತ್ತದೆ. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಹೀಟ್ ಪಂಪ್ ಇಟ್ಟುಕೊಂಡಿವೆ. ಅಲ್ಲಿ ನಡೆಯುವುದು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡೆಯುತ್ತದಾ ಎಂಬುದು ಪ್ರಶ್ನೆಯೇ ಅಲ್ಲ. ಖರ್ಚೆಷ್ಟು ಎಂಬುದು ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಗೆ ಬೇಕಾದದ್ದೆಷ್ಟು?

ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಖ ಅಳೆಯಲು ಇಲ್ಲಿ ಬಿಟಿಯು ಬಳಸುತ್ತಾರೆ. ಒಂದು ಬೆಂಕಿಕಡ್ಡಿ ಪೂರ್ತಿ ಉರಿದರೆ ಬರುವ ಶಾಖ ಹೆಚ್ಚುಕಡಿಮೆ ಒಂದು ಬಿಟಿಯು. ಎಸಿಗೆ ಬಳಸುವ 'ಟನ್' ತೂಕದ ಲೆಕ್ಕವಲ್ಲ, ಹಳೆಯ ಐಸ್ ವ್ಯಾಪಾರದ ಗುರುತು. 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಗಂಟೆಗೆ ಲೆಕ್ಕ ಹಾಕಿದರೆ 12,000 ಬಿಟಿಯು. ಅಮೆರಿಕದ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆ 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೂ ಬಂದಿತ್ತು. ಚೆನ್ನೈನ ಮರೀನಾ ಬೀಚಿನ ಎದುರು ಇರುವ ಐಸ್ ಹೌಸ್ ಅದೇ ವ್ಯಾಪಾರದ ಗೋದಾಮು.

ನಮ್ಮ ಹಳೆಯ ಫರ್ನೇಸಿನ ಮೇಲೆ 1 ಲಕ್ಷ ಬಿಟಿಯು ಎಂದು ಬರೆದಿತ್ತು. ಅದರಲ್ಲಿ 80% ಮಾತ್ರ ಮನೆಗೆ ಬರುತ್ತಿತ್ತು, ಉಳಿದದ್ದು ಚಿಮಣಿ ಪಾಲು. ಈ ಶೇಕಡಾ ಲೆಕ್ಕಕ್ಕೆ ಎಎಫ್‌ಯುಇ ಎನ್ನುತ್ತಾರೆ. ಅಂದರೆ ಗಂಟೆಗೆ 80,000 ಬಿಟಿಯು. ಅಷ್ಟು ಬೇಕಿತ್ತಾ?

ಇದನ್ನು ಕಂಡುಹಿಡಿಯಲು ಹಳೆಯ ಗ್ಯಾಸ್ ಬಿಲ್ ಸಾಕು. ಜನವರಿ ತಿಂಗಳ ಬಿಲ್ಲಿನಲ್ಲಿ 200 ಥರ್ಮ್ ಇತ್ತು ಎಂದುಕೊಳ್ಳಿ. ಜುಲೈಯಲ್ಲಿ 20. ಜುಲೈಯದು ಬರೀ ಅಡುಗೆ ಮತ್ತು ಸ್ನಾನದ ನೀರಿನ ಖರ್ಚು. ಅದನ್ನು ಕಳೆದರೆ ಮನೆ ಬೆಚ್ಚಗಿಡಲು ಹೋದದ್ದು 180 ಥರ್ಮ್. ಒಂದು ಥರ್ಮ್ ಅಂದರೆ 1 ಲಕ್ಷ ಬಿಟಿಯು. ಒಟ್ಟು 1 ಕೋಟಿ 80 ಲಕ್ಷ. ಅದರಲ್ಲಿ 80% ಮನೆಗೆ ಸಿಕ್ಕಿತು, ಅಂದರೆ 1 ಕೋಟಿ 44 ಲಕ್ಷ. ಜನವರಿಯಲ್ಲಿ 744 ಗಂಟೆ. ಭಾಗಿಸಿದರೆ ಸರಾಸರಿ ಗಂಟೆಗೆ ಸುಮಾರು 19,400 ಬಿಟಿಯು.

ಇದು ಸರಾಸರಿ. ತೀರಾ ಚಳಿಯ ರಾತ್ರಿಗೆ ಎಷ್ಟು? ಆ ತಿಂಗಳ ಹೊರಗಿನ ಸರಾಸರಿ ತಾಪಮಾನ 32 ಫ್ಯಾರನ್‌ಹೀಟ್ ಎಂದಿಟ್ಟುಕೊಳ್ಳಿ. ಮನೆಯೊಳಗೆ ಜನ, ಒಲೆ, ಫ್ರಿಜ್, ಬಿಸಿಲು ಎಲ್ಲ ಸ್ವಲ್ಪ ಸ್ವಲ್ಪ ಶಾಖ ಕೊಡುವುದರಿಂದ ಹೊರಗೆ 65ಕ್ಕಿಂತ ಇಳಿದ ಮೇಲೆ ಮಾತ್ರ ಫರ್ನೇಸ್ ಬೇಕಾಗುತ್ತದೆ. 65ರಿಂದ 32 ಕಳೆದರೆ 33. ಅಂದರೆ ಹೊರಗೆ ಒಂದೊಂದು ಡಿಗ್ರಿ ಇಳಿದಾಗಲೂ ಮನೆಗೆ ಸುಮಾರು 590 ಬಿಟಿಯು ಹೆಚ್ಚು ಬೇಕು. ಇಲ್ಲಿ ಎಂಜಿನಿಯರುಗಳು ಬಳಸುವ ಚಳಿಯ ಗಡಿ ಒಂದಿದೆ. ವರ್ಷದ 99% ಗಂಟೆಗಳಲ್ಲಿ ತಾಪಮಾನ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ನಮ್ಮ ಕಡೆ ಅದು ಸುಮಾರು 14 ಫ್ಯಾರನ್‌ಹೀಟ್. 65ರಿಂದ 14 ಕಳೆದರೆ 51. ಅದನ್ನು 590ರಿಂದ ಗುಣಿಸಿದರೆ ಬಂದದ್ದು 30,000 ಬಿಟಿಯು.

ನಾನು ಮೂರು ಸಲ ಲೆಕ್ಕ ಹಾಕಿದೆ. ಬೇಕಿದ್ದದ್ದು 30,000, ಇದ್ದದ್ದು 80,000. 22 ವರ್ಷ ನಾವು ಗೂಡಂಗಡಿಗೆ ಸಾಮಾನು ತರಲು ಹತ್ತು ಚಕ್ರದ ಲಾರಿ ಓಡಿಸಿದ್ದೆವು. ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡ ಫರ್ನೇಸ್ ಇರುವುದು ಮಾಮೂಲಿ. ಹಾಕುವವನಿಗೆ ದೊಡ್ಡದು ಹಾಕಿದರೆ ತಲೆನೋವಿಲ್ಲ. 'ಬೆಚ್ಚಗಾಗಲಿಲ್ಲ' ಎಂದು ಯಾರೂ ಫೋನ್ ಮಾಡುವುದಿಲ್ಲ.

ದೊಡ್ಡದಾದರೆ ತಪ್ಪೇನು ಎಂದು ಕೇಳಬಹುದು. ಫರ್ನೇಸ್ ಐದು ನಿಮಿಷ ಭರ್ ಎಂದು ಓಡಿ ನಿಲ್ಲುತ್ತದೆ. ಮತ್ತೆ ಶುರು, ಮತ್ತೆ ನಿಲುಗಡೆ. ಥರ್ಮೋಸ್ಟಾಟ್ ಇರುವ ಹಾಲ್ ಕಾಯುತ್ತದೆ, ಮೂಲೆಯ ಮಲಗುವ ಕೋಣೆ ತಣ್ಣಗೇ ಇರುತ್ತದೆ. ತಗಡು ಕಾದು, ತಣಿದು, ಕಾದು, ತಣಿದು ಬೇಗ ಸೋಲುತ್ತದೆ. ಎಸಿಯಲ್ಲಂತೂ ಇದು ಇನ್ನೂ ಕೆಟ್ಟದು. ಇಲ್ಲಿನ ಜುಲೈ ತಿಂಗಳ ಸೆಕೆ ಮಂಗಳೂರಿನ ಸೆಕೆಗೆ ಕಡಿಮೆಯಿಲ್ಲ, ಮೈಯೆಲ್ಲ ಅಂಟಂಟು. ಗಾಳಿಯ ತೇವ ಹೋಗಬೇಕಾದರೆ ಎಸಿ ತುಂಬ ಹೊತ್ತು ನಿಧಾನವಾಗಿ ಓಡಬೇಕು. ದೊಡ್ಡ ಎಸಿ ಗಾಳಿಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ಅಲ್ಲೇ ಉಳಿಯುತ್ತದೆ. ಒಗೆದು ಹಿಂಡದ ಬಟ್ಟೆ ಹೊದ್ದ ಹಾಗಿರುತ್ತದೆ.

ಗ್ಯಾಸ್ ಬಿಲ್ಲಿನ ಈ ಲೆಕ್ಕ ನಿಮ್ಮ ಸಮಾಧಾನಕ್ಕೆ. ಕಂಟ್ರ್ಯಾಕ್ಟರ್ ಮಾಡಬೇಕಾದದ್ದು 'ಮ್ಯಾನ್ಯುಯಲ್ ಜೆ' ಎಂಬ ಪೂರ್ತಿ ಲೆಕ್ಕ. ಗೋಡೆ, ಕಿಟಕಿ, ಅಟ್ಟದ ಇನ್ಸುಲೇಶನ್, ಮನೆ ಯಾವ ದಿಕ್ಕಿಗೆ ಇದೆ, ಎಲ್ಲ ಅದರಲ್ಲಿ ಬರುತ್ತದೆ. 'ಐನೂರು ಚದರಡಿಗೆ ಒಂದು ಟನ್' ಎಂದು ಬಾಯಲ್ಲೇ ಹೇಳಿದರೆ ಅವರಿಗೆ ಒಂದು ಕಾಫಿ ಕೊಟ್ಟು ಕಳಿಸಿ. ನಾಲ್ಕನೆಯದಾಗಿ ಬಂದ ಒಬ್ಬ ಮಾತ್ರ ಟೇಪ್ ತೆಗೆದು ಕಿಟಕಿ ಅಳೆದ. ಅವನ ಲೆಕ್ಕವೂ ನನ್ನದೂ ಹತ್ತಿರ ಹತ್ತಿರ ಬಂದವು. ಆಗಲೇ ಅವನ ಮೇಲೆ ನಂಬಿಕೆ ಕೂತಿತು.

ಒಂದು ಯೂನಿಟ್ ಶಾಖಕ್ಕೆ ಎಷ್ಟು ಕಾಸು?

ಈಗ ಖರ್ಚು. ಗ್ಯಾಸನ್ನೂ ಕರೆಂಟನ್ನೂ ಹೋಲಿಸಬೇಕಾದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕು. ಒಂದು ಥರ್ಮ್ ಗ್ಯಾಸಿನಲ್ಲಿ 29.3 ಯೂನಿಟ್ ಶಾಖ ಇದೆ. 95% ದಕ್ಷತೆಯ ಹೊಸ ಫರ್ನೇಸಿನಲ್ಲಿ ಉರಿಸಿದರೆ ಮನೆಗೆ ಸಿಗುವುದು 27.8 ಯೂನಿಟ್. ಥರ್ಮ್‌ಗೆ ಒಂದೂವರೆ ಡಾಲರ್ ಕೊಡುತ್ತಿದ್ದರೆ, ಒಂದು ಯೂನಿಟ್ ಶಾಖಕ್ಕೆ 5.4 ಸೆಂಟ್ ಆಯಿತು.

ಕರೆಂಟ್ ಯೂನಿಟ್‌ಗೆ 18 ಸೆಂಟ್ ಎಂದಿಟ್ಟುಕೊಳ್ಳಿ. 18ನ್ನು 5.4ರಿಂದ ಭಾಗಿಸಿದರೆ 3.3. ಅಂದರೆ ಹೀಟ್ ಪಂಪಿನ ಸಿಒಪಿ 3.3ಕ್ಕಿಂತ ಮೇಲಿದ್ದರೆ ಹೀಟ್ ಪಂಪ್ ಅಗ್ಗ, ಕೆಳಗಿದ್ದರೆ ಗ್ಯಾಸ್ ಅಗ್ಗ. ಇಷ್ಟೇ ಗುಟ್ಟು. ಈ ಎರಡು ಬೆಲೆ ನಿಮ್ಮ ಬಿಲ್ಲಿನಲ್ಲೇ ಇವೆ. ಆದರೆ ಸಪ್ಲೈ (ಗ್ಯಾಸ್ ಅಥವಾ ಕರೆಂಟಿನ ಬೆಲೆ), ಡೆಲಿವರಿ (ಮನೆಗೆ ತಲುಪಿಸುವ ಶುಲ್ಕ) ಎರಡನ್ನೂ ಕೂಡಿಸಿ ತೆಗೆದುಕೊಳ್ಳಿ. ಬಹಳ ಜನ ಸಪ್ಲೈ ಒಂದನ್ನೇ ನೋಡಿ ಮೋಸ ಹೋಗುತ್ತಾರೆ.

ಮನೆಯಲ್ಲಿ ಗ್ಯಾಸ್ ಲೈನ್ ಇಲ್ಲದೆ ಮನೆ ಕಾಯಿಸುವ ಎಣ್ಣೆಯ ಟ್ಯಾಂಕ್ ಇದ್ದರೆ ಲೆಕ್ಕ ತಿರುಗಿಬೀಳುತ್ತದೆ. ಗ್ಯಾಲನ್ ಎಣ್ಣೆಗೆ 3.80 ಡಾಲರ್, 85% ದಕ್ಷತೆ ಎಂದರೆ ಯೂನಿಟ್ ಶಾಖಕ್ಕೆ 11 ಸೆಂಟ್. ಆಗ ಸಿಒಪಿ 1.6 ಇದ್ದರೂ ಸಾಕು. ಒಳ್ಳೆಯ ಹೀಟ್ ಪಂಪ್ ಕೊರೆಯುವ ಚಳಿಯಲ್ಲೂ ಇದನ್ನು ದಾಟುತ್ತದೆ. ಪ್ರೊಪೇನ್ ಇನ್ನೂ ದುಬಾರಿ. ಗೋಡೆಯಂಚಿನ ಸಾದಾ ಕರೆಂಟ್ ಹೀಟರ್ ಇರುವ ಮನೆಯವರಂತೂ ಯೋಚನೆ ಮಾಡುತ್ತಾ ಕೂರಬೇಕಾಗಿಲ್ಲ. ಹಾಗಾಗಿ ಮೇನ್ ರಾಜ್ಯದಲ್ಲಿರುವ ಗೆಳೆಯ ಹೀಟ್ ಪಂಪ್ ಹಾಕಿಸಿ ಅರ್ಧ ಖರ್ಚು ಉಳಿಸಿದ ಎಂದರೆ ಅದು ನಿಜವಿರಬಹುದು. ಗ್ಯಾಸ್ ಲೈನ್ ಇರುವ ನಿಮ್ಮ ಮನೆಗೆ ಅದೇ ಮಾತು ಹೊಂದಬೇಕೆಂದಿಲ್ಲ. ಸೂರ್ಯನ ಪ್ಯಾನೆಲ್ ಇದ್ದರೆ, ಇಲ್ಲ ಗ್ಯಾಸ್ ಉರಿಸುವುದೇ ಬೇಡ ಎಂಬ ಮನಸ್ಸಿದ್ದರೆ, ತಕ್ಕಡಿ ಬೇರೆ ಕಡೆ ವಾಲುತ್ತದೆ. ಅದು ನಿಮ್ಮ ಮನೆಯ ತೀರ್ಮಾನ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಒಂದು ಸುಲಭ ದಾರಿ ಇದೆ. ಎಚ್‌ಎಸ್‌ಪಿಎಫ್2 ಎಂಬ ಅಂಕಿಯನ್ನು 3.4ರಿಂದ ಭಾಗಿಸಿ. ಇಡೀ ಚಳಿಗಾಲದ ಸರಾಸರಿ ಸಿಒಪಿ ಹತ್ತಿರ ಹತ್ತಿರ ಸಿಗುತ್ತದೆ. ಅಂಕಿ 9 ಇದ್ದರೆ ಸುಮಾರು 2.6. ಎಸಿ ಕಡೆಗೆ ಸೀರ್2 ಎಂಬ ತಂಪಿನ ದಕ್ಷತೆಯ ಅಂಕಿ ನೋಡಬೇಕು. 2023ರಿಂದ ಅಳೆಯುವ ವಿಧಾನ ಬದಲಾಗಿ ಹಿಂದೆ 2 ಸೇರಿಕೊಂಡಿದೆ, ಹಾಗಾಗಿ ಹಳೆಯ ಸೀರ್ ಅಂಕಿಯ ಜೊತೆ ನೇರವಾಗಿ ಹೋಲಿಸಬೇಡಿ. ಬೇಸಿಗೆ ಚಿಕ್ಕದಾಗಿರುವ ಉತ್ತರದ ರಾಜ್ಯಗಳಲ್ಲಿ ದುಬಾರಿ ಸೀರ್2ಗೆ ದುಡ್ಡು ಸುರಿಯುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಟೆಕ್ಸಾಸ್‌ನಲ್ಲಿದ್ದಿದ್ದರೆ ಬೇರೆ ಮಾತು.

ದುಡ್ಡಿನ ಮಾತು ಮುಗಿಸುವ ಮೊದಲು ಇನ್ನೊಂದು. ಹೀಟ್ ಪಂಪಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ 30%, ಗರಿಷ್ಠ 2,000 ಡಾಲರಿನ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರ ನಂತರ ಹಾಕಿಸಿದವರಿಗೆ ಸಿಗುವುದಿಲ್ಲ. ಆ ವರ್ಷದ ಜುಲೈಯಲ್ಲಿ ಬಂದ ಕಾನೂನು ಅದನ್ನು ನಿಲ್ಲಿಸಿತು. ಹಳೆಯ ಕರಪತ್ರ ತೋರಿಸಿ ಯಾರಾದರೂ ಅದನ್ನು ಬೆಲೆಯಲ್ಲಿ ಕಳೆದು ಹೇಳಿದರೆ ಎಚ್ಚರ. ರಾಜ್ಯದ್ದು ಮತ್ತು ಕರೆಂಟ್ ಕಂಪನಿಯದು ಬೇರೆ ಇರುತ್ತವೆ, ಅವರ ವೆಬ್‌ಸೈಟಿನಲ್ಲೇ ನೋಡಿ.

ಸೇಲ್ಸ್‌ನವರು ಹೇಳದೆ ಬಿಡುವ ಮಾತುಗಳು

95% ಫರ್ನೇಸ್ ಹೊಗೆಯನ್ನು ಎಷ್ಟು ತಣ್ಣಗೆ ಮಾಡಿ ಬಿಡುತ್ತದೆ ಎಂದರೆ ಅದು ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯ ಪಕ್ಕದಿಂದಲೇ ಹೊರಹೋಗುತ್ತದೆ. ಚಿಮಣಿ ಬೇಕಿಲ್ಲ. ಒಳ್ಳೆಯದೇ ಅಲ್ವಾ? ಆದರೆ ಅದೇ ಚಿಮಣಿಯಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರಿನ ಹೊಗೆಯೂ ಹೋಗುತ್ತಿತ್ತು. ಈಗ ದೊಡ್ಡ ಚಿಮಣಿಗೆ ಅದೊಂದೇ ಪಾಪದ ಪ್ರಾಣಿ. ಅದರ ಸ್ವಲ್ಪ ಹೊಗೆ ಮೇಲೇರುವ ಮೊದಲೇ ತಣ್ಣಗಾಗುತ್ತದೆ. ಆಮ್ಲದ ನೀರು ಹನಿದು ಇಟ್ಟಿಗೆ ತಿನ್ನುತ್ತದೆ. ಹೊಗೆ ಹಿಂದಕ್ಕೆ ಮನೆಯೊಳಗೆ ಬರುವ ಅಪಾಯವೂ ಉಂಟು. ಇದಕ್ಕೆ ಇಲ್ಲಿನ ಕಸುಬಿನವರು ಅನಾಥ ವಾಟರ್ ಹೀಟರ್ ಎನ್ನುತ್ತಾರೆ. ಚಿಮಣಿಯೊಳಗೆ ಸಣ್ಣ ಲೈನರ್ ಇಳಿಸಬೇಕು, ಇಲ್ಲವೇ ವಾಟರ್ ಹೀಟರನ್ನೂ ಬದಲಿಸಬೇಕು. ಮೊದಲ ಮೂರು ಕೊಟೇಶನ್‌ಗಳಲ್ಲಿ ಒಂದರಲ್ಲೂ ಇದು ಇರಲಿಲ್ಲ.

ಆಮೇಲೆ ಡಕ್ಟ್. ಗಾಳಿ ಸಾಗಿಸುವ ತಗಡಿನ ಕೊಳವೆಗಳು ಸಂದುಗಳಲ್ಲಿ ಸೋರುತ್ತವೆ. ಸಾಮಾನ್ಯ ಮನೆಯಲ್ಲಿ 20ರಿಂದ 30% ಗಾಳಿ ಹೀಗೆ ಪೋಲಾಗುತ್ತದೆ ಎನ್ನುವುದು ಅಮೆರಿಕದ ಎನರ್ಜಿ ಸ್ಟಾರ್ ಯೋಜನೆಯವರ ಅಂದಾಜು. ತೂತು ಬಿಂದಿಗೆಗೆ ಎಷ್ಟು ಒಳ್ಳೆಯ ಪಂಪಿನಿಂದ ನೀರು ತುಂಬಿದರೇನು! ಸಂದುಗಳಿಗೆ ಮಾಸ್ಟಿಕ್ ಎಂಬ ಗಟ್ಟಿ ಅಂಟು ಬಳಿಯಬೇಕು. ತಮಾಷೆ ಏನೆಂದರೆ, ಡಕ್ಟ್ ಟೇಪ್ ಎಂದು ಹೆಸರಿರುವ ಬೂದು ಬಟ್ಟೆಯ ಟೇಪು ಡಕ್ಟಿಗೆ ಲಾಯಕ್ಕಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಲ್ಯಾಬಿನವರು ಬಗೆಬಗೆಯ ಅಂಟುಗಳನ್ನು ಕಾಯಿಸಿ ತಣಿಸಿ ಪರೀಕ್ಷೆ ಮಾಡಿದರು. ಬಿಚ್ಚಿಕೊಂಡದ್ದು ಅದೇ ಟೇಪು. ಹೀಟ್ ಪಂಪಿಗೆ ಪ್ರತಿ ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು. ಹಳೆಯ ಡಕ್ಟ್ ಸಣ್ಣದಾಗಿದ್ದರೆ ದೊಡ್ಡ ಯಂತ್ರ ಸಿಳ್ಳೆ ಹೊಡೆಯುತ್ತದೆ, ಏದುಸಿರು ಬಿಡುತ್ತದೆ. ಸರಿಯಾದ ಅಳತೆಯ ಚಿಕ್ಕ ಯಂತ್ರಕ್ಕೆ ಅದೇ ಡಕ್ಟ್ ಸಾಕಾಗಬಹುದು. ನಮಗೆ ಹಾಗೇ ಆಯಿತು.

ಡಕ್ಟೇ ಇಲ್ಲದ ಮನೆಗೆ ಊರಲ್ಲಿರುವಂಥ ಗೋಡೆಯ ಸ್ಪ್ಲಿಟ್ ಯೂನಿಟ್‌ಗಳೇ ಸರಿ. ನೆಲ ಕೊರೆದು ಭೂಮಿಯಿಂದ ಶಾಖ ಎತ್ತುವ ಹೀಟ್ ಪಂಪೂ ಇದೆ. ಕೆಲಸ ಬಹಳ ಚೆನ್ನಾಗಿ ಮಾಡುತ್ತದೆ, ಆದರೆ ಬೋರು ಕೊರೆಯುವ ಖರ್ಚು ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಗ್ಯಾಸ್ ಅಂದರೆ ಇನ್ನೊಂದಿದೆ, ಎಸಿಯೊಳಗೆ ಓಡುವ ರೆಫ್ರಿಜರೆಂಟ್. ಹಳೆಯ ಆರ್-22 ತಯಾರಿಕೆ ಇಲ್ಲಿ 2020ಕ್ಕೆ ನಿಂತಿತು. ಅದರ ಜಾಗಕ್ಕೆ ಬಂದಿದ್ದ ಆರ್-410ಎ ತುಂಬಿದ ಹೊಸ ಮನೆ ಸಿಸ್ಟಂಗಳನ್ನು 2025ರ ಜನವರಿ 1ರಿಂದ ತಯಾರಿಸುವಂತಿಲ್ಲ. ಈಗ ಬರುವುದು ಆರ್-454ಬಿ ಅಥವಾ ಆರ್-32. ಸೋರಿದರೆ ಭೂಮಿ ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಆರ್-410ಎಗೆ 2,088 ಪಟ್ಟು, ಆರ್-32ಗೆ 675 ಪಟ್ಟು, ಆರ್-454ಬಿಗೆ 466 ಪಟ್ಟು. ಹೊಸವು ಸ್ವಲ್ಪ ಉರಿಯುವ ಗುಣದವು, ಅದಕ್ಕೇ ಸೋರಿಕೆ ಕಂಡುಹಿಡಿಯುವ ಸೆನ್ಸರ್ ಇಟ್ಟಿರುತ್ತಾರೆ. ನಿಮಗೆ ಮುಖ್ಯವಾದದ್ದು ಇದು: ಹೊಸ ರೆಫ್ರಿಜರೆಂಟಿನ ಹೊರಗಿನ ಪೆಟ್ಟಿಗೆಗೆ ಒಳಗಿನ ಹಳೆಯ ಕಾಯಿಲನ್ನೇ ಜೋಡಿಸುವ ಅಗ್ಗದ ದಾರಿ ಇಲ್ಲ. ಎರಡೂ ಒಂದೇ ಜೋಡಿಯಾಗಿ ಬರಬೇಕು. ಆ ಜೋಡಿಗೆ ಎಎಚ್‌ಆರ್‌ಐ ಎಂಬ ಸಂಸ್ಥೆಯ ಸರ್ಟಿಫಿಕೇಟ್ ನಂಬರ್ ಇರುತ್ತದೆ. ಕೊಟೇಶನ್ನಿನಲ್ಲಿ ಮಾಡೆಲ್ ನಂಬರ್ ಜೊತೆ ಅದನ್ನೂ ಬರೆಸಿಕೊಳ್ಳಿ.

ಪೂರ್ತಿ ಕರೆಂಟಿಗೆ ಹೋಗುವವರು ಮೇನ್ ಪ್ಯಾನೆಲ್ ನೋಡಿಕೊಳ್ಳಬೇಕು. ತೀರಾ ಚಳಿಗೆಂದು ಹೀಟ್ ಪಂಪಿನ ಜೊತೆ ಕೊಡುವ 10 ಕಿಲೋವ್ಯಾಟಿನ ಕಾಯಿಲ್ ಒಂದೇ ಸುಮಾರು 40 ಆಂಪ್ ಎಳೆಯುತ್ತದೆ. ಹಳೆಯ 100 ಆಂಪ್ ಪ್ಯಾನೆಲ್ಲಿಗೆ ಅದು ಭಾರ. ಪ್ಯಾನೆಲ್ ಬದಲಿಸಿದರೆ ಅದೊಂದು ಬೇರೆ ಖರ್ಚು.

ಕೊನೆಗೆ ಕೂರಿಸುವವನ ಕೈ. ಒಳ್ಳೆಯ ಬ್ರ್ಯಾಂಡನ್ನು ಕೆಟ್ಟದಾಗಿ ಕೂರಿಸಿದರೆ ಕಂಪ್ರೆಸರ್ ಬೇಗ ಸಾಯುತ್ತದೆ. ತಾಮ್ರದ ಪೈಪು ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸುತ್ತೀರಾ, ಆಮೇಲೆ 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್ ಎಳೆಯುತ್ತೀರಾ ಎಂದು ಕೇಳಿ. ಉತ್ತರ ಏನೇ ಬರಲಿ, ಆ ಪ್ರಶ್ನೆ ಕೇಳಿದಾಗ ಅವರ ಮುಖ ಹೇಗಾಗುತ್ತದೆ ನೋಡಿ. ನನಗೆ ಅದರಿಂದಲೇ ಅರ್ಧ ತಿಳಿಯಿತು.

ನಾವು ಮಾಡಿದ್ದು

ನಮ್ಮ ಎಸಿಗೂ ವಯಸ್ಸಾಗಿತ್ತು. ಹೇಗೂ ಹೊರಗಿನ ಪೆಟ್ಟಿಗೆ ಬದಲಿಸಬೇಕು. ಬರೀ ಎಸಿ ಹಾಕಿಸುವುದಕ್ಕೂ ಅದೇ ಅಳತೆಯ ಹೀಟ್ ಪಂಪ್ ಹಾಕಿಸುವುದಕ್ಕೂ ನಮಗೆ ಸಿಕ್ಕ ಬೆಲೆಯಲ್ಲಿ ವ್ಯತ್ಯಾಸ ಕಡಿಮೆಯಿತ್ತು. ಹಾಗಾಗಿ ಎರಡೂವರೆ ಟನ್ನಿನ ಹೀಟ್ ಪಂಪ್, ಅದರ ಒಳಗಿನ ಕಾಯಿಲಿನ ಕೆಳಗೆ 40,000 ಬಿಟಿಯುನ 95% ಗ್ಯಾಸ್ ಫರ್ನೇಸ್ ಹಾಕಿಸಿದೆವು. ಇದಕ್ಕೆ ಡ್ಯುಯಲ್ ಫ್ಯೂಯಲ್ ಎನ್ನುತ್ತಾರೆ. ಬೇಸಿಗೆಗೆ ತಂಪು, ಹಗುರ ಚಳಿಗೆ ಬಿಸಿ, ಎರಡೂ ಹೀಟ್ ಪಂಪಿನದು. ಕೊರೆಯುವ ಚಳಿಗೆ ಗ್ಯಾಸ್. ಯಾವ ತಾಪಮಾನದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕು ಎಂದು ಥರ್ಮೋಸ್ಟಾಟಿನಲ್ಲಿ ಹೇಳಿಡಬಹುದು. 3.3ರ ಲೆಕ್ಕ ಹಿಡಿದು ನಾವು 40 ಫ್ಯಾರನ್‌ಹೀಟ್ ಇಟ್ಟೆವು. ಚಿಮಣಿಗೆ ಲೈನರ್ ಇಳಿಸಿದರು, ಡಕ್ಟಿನ ಸಂದುಗಳಿಗೆ ಅಂಟು ಬಳಿದರು.

ಹೊಸ ಯಂತ್ರದ ಜೊತೆ ಬಾಳುವುದೂ ಸ್ವಲ್ಪ ಕಲಿಯಬೇಕು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಅಮ್ಮ ಗಾಳಿ ಬರುವ ಜಾಲರಿಯ ಮೇಲೆ ಕೈಯಿಟ್ಟು, "ಇದೇನಪ್ಪಾ, ಬಿಸಿನೇ ಬರ್ತಿಲ್ಲ, ಇಷ್ಟು ದುಡ್ಡು ಕೊಟ್ಟು!" ಎಂದರು. ಹಳೆಯ ಫರ್ನೇಸಿನ ಗಾಳಿ 50 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಇರುತ್ತಿತ್ತು. ಹೀಟ್ ಪಂಪಿನದು 35ರ ಆಸುಪಾಸು. ನಮ್ಮ ಮೈಯ ಬಿಸಿ 37, ಅದಕ್ಕೇ ಕೈಗೆ ತಣ್ಣಗೆ ಅನಿಸುತ್ತದೆ. ಆದರೆ ಅದು ಬಿಟ್ಟು ಬಿಟ್ಟು ಬರುವುದಿಲ್ಲ, ಹದವಾಗಿ ಬರುತ್ತಲೇ ಇರುತ್ತದೆ. "ಕೋಣೆ ಎಷ್ಟಿದೆ ನೋಡಮ್ಮಾ" ಎಂದೆ. ಗೋಡೆಯ ಮೇಲೆ 70 ಫ್ಯಾರನ್‌ಹೀಟ್, ಅಂದರೆ 21 ಸೆಲ್ಸಿಯಸ್ ತೋರಿಸುತ್ತಿತ್ತು.

ಇನ್ನೊಂದು ದಿನ ಹೊರಗಿನ ಪೆಟ್ಟಿಗೆಯಿಂದ ಬಿಳಿ ಹೊಗೆ ಎದ್ದಿತು, ನಾನೇ ಓಡಿಹೋದೆ. ಹೊಗೆಯಲ್ಲ, ಹಬೆ. ಚಳಿಯಲ್ಲಿ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ತಾನೇ ಕೆಲವು ನಿಮಿಷ ಉಲ್ಟಾ ಓಡುತ್ತದೆ. ರಾತ್ರಿ ಥರ್ಮೋಸ್ಟಾಟ್ ತುಂಬ ಇಳಿಸಿ ಬೆಳಗ್ಗೆ ಏರಿಸುವ ಹಳೆಯ ಅಭ್ಯಾಸವನ್ನೂ ಬಿಟ್ಟೆವು. ಒಮ್ಮೆಗೇ ಏರಿಸಿದರೆ ಹೀಟ್ ಪಂಪಿಗೆ ಸಾಲದೆ ಗ್ಯಾಸ್ ಹೊತ್ತಿಕೊಳ್ಳುತ್ತದೆ.

2025ರ ಜೂನ್‌ನಲ್ಲಿ ನ್ಯೂಜೆರ್ಸಿಯ ಕರೆಂಟ್ ದರ ಸುಮಾರು 20% ಏರಿತು. 18 ಸೆಂಟ್ ಕೊಡುತ್ತಿದ್ದವರು ಆಗ 22ರ ಹತ್ತಿರ ಬಂದರು. 22ನ್ನು 5.4ರಿಂದ ಭಾಗಿಸಿದರೆ 4. ಗ್ಯಾಸ್ ದರ ಹಾಗೇ ಇದ್ದರೆ 40 ಡಿಗ್ರಿಯಲ್ಲಿ ಹೀಟ್ ಪಂಪ್ ಓಡಿಸುವುದು ನಷ್ಟ. ಆ ವರ್ಷದ ಚಳಿಗಾಲ ಶುರುವಾಗುವ ಮೊದಲು ಥರ್ಮೋಸ್ಟಾಟಿನ ಮುಂದೆ ನಿಂತು 40 ಇದ್ದದ್ದನ್ನು 48 ಮಾಡಿದೆ. ಎರಡು ನಿಮಿಷದ ಕೆಲಸ.